ಹೇಳುವವರು, ಕೇಳುವವರು

ಎರಡು ವರ್ಷಗಳ ಹಿಂದೆ, ಸಿಇಟಿ ಫಲಿತಾಂಶ ಬಂದು ಕೆಲವು ದಿನಗಳಾಗಿದ್ದವು. ನಮ್ಮ ಬೀದಿಯ ಕೊನೆಯಲ್ಲಿ ಏಳುತ್ತಿದ್ದ ಕಟ್ಟಡವೊಂದರ ಕಾವಲುಗಾರರು ಸಂಜೆ ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಯಾದಗಿರಿ ಜಿಲ್ಲೆಯ ಕುಟುಂಬ. ಗಂಡ ಹೆಂಡತಿ ಬೆಂಗಳೂರಿನಲ್ಲಿ ದುಡಿಯುತ್ತಿದ್ದರೆ, ಮಗಳು ಊರಿನಲ್ಲಿ ಅಜ್ಜಿಯ ಬಳಿ ಇದ್ದುಕೊಂಡು ಹತ್ತನೆಯ ತರಗತಿಯವರೆಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ಆಮೇಲೆ ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನ ಓದಿದ್ದಳು. ನಾನು ಸರ್ಕಾರಿ ನೌಕರಿಯಲ್ಲಿದ್ದವನೆಂದು ಯಾರೋ ಹೇಳಿದ್ದರಂತೆ. ಪ್ಲಾಸ್ಟಿಕ್ ಚೀಲದೊಳಗಿಂದ ಕಾಗದಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು.

ಆಕೆಯ ರ‍್ಯಾಂಕ್ ತೀರಾ ಕೆಟ್ಟದ್ದಾಗಿರಲಿಲ್ಲ. ಆದರೆ ಅರ್ಜಿಯ ಪ್ರತಿಯನ್ನು ಓದುತ್ತ ಹೋದಂತೆ ನನಗೆ ಸಂಕಟವಾಯಿತು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನಮ್ಮ ರಾಜ್ಯದಲ್ಲಿ ಶೇ 5ರಷ್ಟು, ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇ 15ರಷ್ಟು ಸೀಟುಗಳು ಮೀಸಲಿವೆ. ಎರಡಕ್ಕೂ ಸಂಪೂರ್ಣ ಅರ್ಹಳಾಗಿದ್ದ ಹುಡುಗಿ ಎರಡನ್ನೂ ಕೋರಿರಲಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟು. ಅರ್ಜಿ ತುಂಬಿದವನು ಸೈಬರ್ ಸೆಂಟರಿನ ಒಬ್ಬ ಹುಡುಗ. ‘ಯಾವ ಮೀಡಿಯಂ?’ ಎಂದು ಆತ ಕೇಳಿದಾಗ ಈಕೆ, ಪಿಯುಸಿ ವಿಜ್ಞಾನ ಇಂಗ್ಲಿಷಿನಲ್ಲಿ ನಡೆಯುತ್ತಿದ್ದುದರಿಂದ, ‘ಇಂಗ್ಲಿಷ್’ ಎಂದಿದ್ದಳು. ‘ಮನೆ ಎಲ್ಲಿ?’ ಎಂದಾಗ, ಅಪ್ಪ ಅಮ್ಮ ಇರುವ ಊರನ್ನೇ ಹೇಳಬೇಕೆಂದುಕೊಂಡು ‘ಬೆಂಗಳೂರು’ ಎಂದಿದ್ದಳು. ಎರಡು ಪ್ರಶ್ನೆ, ಎರಡು ಪ್ರಾಮಾಣಿಕ ಉತ್ತರ. ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಕಲಿತದ್ದರ ಫಲವಾಗಿ ದಕ್ಕಬೇಕಾಗಿದ್ದ ಎರಡು ಹಕ್ಕುಗಳು ಹೋದವು. ಕಲ್ಯಾಣ ಕರ್ನಾಟಕದ ಅರ್ಹತಾ ಪ್ರಮಾಣಪತ್ರವೊಂದನ್ನು ಮಾತ್ರ ಕಾಲೇಜಿನವರೇ ಮುಂದೆ ನಿಂತು ಮಾಡಿಸಿದ್ದರಿಂದ ಅದು ಉಳಿದಿತ್ತು.

ನಾನು ಹಳೆಯ ಅಭ್ಯಾಸಬಲದಿಂದ, ‘ಮಾಹಿತಿ ಪುಸ್ತಿಕೆಯಲ್ಲಿ ಎಲ್ಲವನ್ನೂ ಬರೆದಿರುತ್ತಾರಲ್ಲಮ್ಮ, ಓದಲಿಲ್ಲವೇ?’ ಎಂದೆ. ಆಕೆ ತಲೆ ಎತ್ತದೆ, ‘ಓದೀನ್ರೀ ಸರ್. ಅದು ನನಗ ಬರೆದದ್ದು ಅಂತ ಗೊತ್ತಾಗ್ಲಿಲ್ಲ. ಹೇಳೋರು ಯಾರಿದ್ರು ನಮಗ?’ ಎಂದಳು.

ಮೂವತ್ತಕ್ಕೂ ಹೆಚ್ಚು ವರ್ಷ ಆಡಳಿತದಲ್ಲಿದ್ದ ನಾನು ಇಂಥ ಪುಸ್ತಿಕೆಗಳನ್ನು ಬರೆಸಿದವನು, ತಿದ್ದಿದವನು, ಬಿಡುಗಡೆ ಸಮಾರಂಭಗಳಲ್ಲಿ ಕುಳಿತವನು. ಮಾಹಿತಿ ಪ್ರಕಟವಾದರೆ ಅದು ತಲುಪಿತೆಂದು ನಂಬುವುದು ನಮ್ಮ ವೃತ್ತಿಯ ಮೂಢನಂಬಿಕೆ. ‘ಅದು ನನಗೆ ಬರೆದದ್ದು ಎಂದು ಗೊತ್ತಾಗಲಿಲ್ಲ’ ಎಂಬ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ನನ್ನ ಮನೆಯ ಮಕ್ಕಳಿಗೆ ಈ ತೊಂದರೆ ಎಂದೂ ಬರಲಿಲ್ಲ. ಅವರ ಅರ್ಜಿಗಳನ್ನು ನಾನು ಓದಿದೆ, ನನ್ನ ಹೆಂಡತಿ ಓದಿದಳು, ಎಂಜಿನಿಯರ್ ಭಾವಮೈದ ಓದಿದ, ಪಕ್ಕದ ಮನೆಯ ಪ್ರಾಧ್ಯಾಪಕರು ಕಾಫಿ ಕುಡಿಯುತ್ತ ಒಂದು ತಪ್ಪು ಹುಡುಕಿಕೊಟ್ಟರು. ಆ ಕಾಫಿಗೆ ಬೆಲೆ ಕಟ್ಟಲು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೂ ಅಂದು ತೋಚಿರಲಿಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ‘ಮೆಂಟರಿಂಗ್’ ಎನ್ನುತ್ತಾರೆ. ಗ್ರೀಕ್ ಮಹಾಕಾವ್ಯದಲ್ಲಿ ಯುದ್ಧಕ್ಕೆ ಹೊರಟ ರಾಜ ತನ್ನ ಮಗನನ್ನು ನೋಡಿಕೊಳ್ಳಲು ಬಿಟ್ಟುಹೋದ ಗೆಳೆಯನ ಹೆಸರು ಮೆಂಟರ್. ಕನ್ನಡದಲ್ಲಿ ನಾವು ‘ಮಾರ್ಗದರ್ಶನ’ ಎನ್ನುತ್ತೇವೆ. ಕಚೇರಿಯಲ್ಲಿ ಬದುಕು ಸವೆಸಿದ ನನಗೆ ಆ ಪದ ಕಿವಿಗೆ ಬಿದ್ದೊಡನೆ ‘ಮಾರ್ಗದರ್ಶಿ ಸೂತ್ರಗಳು’ ನೆನಪಾಗಿ, ಹದಿನಾಲ್ಕು ಅನುಬಂಧಗಳ ಸುತ್ತೋಲೆಯೊಂದು ಕಣ್ಣ ಮುಂದೆ ನಿಲ್ಲುತ್ತದೆ. ನಮ್ಮ ಆಡುಮಾತಿನಲ್ಲಿ ಇದಕ್ಕಿಂತ ನಿಖರವಾದ ನುಡಿಯೊಂದಿದೆ. ದಿಕ್ಕಿಲ್ಲದೆ ಬೆಳೆದ ಹುಡುಗನನ್ನು ಕುರಿತು ಹಳ್ಳಿಯಲ್ಲಿ ‘ಅವನಿಗೆ ಹೇಳೋರಿಲ್ಲ, ಕೇಳೋರಿಲ್ಲ’ ಎನ್ನುತ್ತಾರೆ. ಹೇಳುವುದು ಒಂದು ಕೆಲಸ, ಕೇಳುವುದು ಇನ್ನೊಂದು. ಕೇಳುವುದು ಎಂಬುದಕ್ಕೆ ಕನ್ನಡದಲ್ಲಿ ಪ್ರಶ್ನಿಸುವುದು ಎಂಬರ್ಥವೂ ಇದೆ, ಕಿವಿಗೊಡುವುದು ಎಂಬರ್ಥವೂ ಇದೆ. ಇಂದಿನ ತರುಣರಿಗೆ ಹೇಳುವವರ ಕೊರತೆ ಅಷ್ಟಾಗಿ ಇಲ್ಲ. ಮೊಬೈಲಿನ ತುಂಬ ಹೇಳುವವರೇ ಇದ್ದಾರೆ. ಕೊರತೆ ಇರುವುದು ಕೇಳುವವರದು.

ನನ್ನನ್ನು ಕೇಳುವವರು ಒಬ್ಬರಿದ್ದರು. ಎಪ್ಪತ್ತರ ದಶಕದ ಮಾತು. ಅರಸೀಕೆರೆ ತಾಲ್ಲೂಕಿನ ನಮ್ಮ ಹೋಬಳಿ ಕೇಂದ್ರದ ಅಂಚೆ ಕಚೇರಿಗೆ ಒಬ್ಬ ಪೋಸ್ಟ್ ಮಾಸ್ಟರ್ ಬಂದಿದ್ದರು. ನಮ್ಮ ಮನೆಯಲ್ಲಿ ನಲವತ್ತು ತೆಂಗಿನ ಮರ, ಒಂದಿಷ್ಟು ರಾಗಿ ಹೊಲ. ಅಪ್ಪನಿಗೆ ಸಹಿ ಮಾಡಲು ಬರುತ್ತಿತ್ತು, ಅಷ್ಟೇ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬರುವಾಗ ನಾನು ಅಂಚೆ ಕಚೇರಿಯ ಜಗಲಿಯಲ್ಲಿ ಕುಳಿತು ಅವರ ದಿನಪತ್ರಿಕೆ ಓದುತ್ತಿದ್ದೆ. ಮೊದಮೊದಲು ಅವರು ನನ್ನ ಕಡೆ ನೋಡಿದ್ದೂ ಇಲ್ಲ. ಒಂದು ದಿನ ಮಾತ್ರ, ‘ಏನೋ, ಬರೀ ಸಿನಿಮಾ ಪುಟ ನೋಡ್ತೀಯೋ, ಬೇರೆ ಏನಾದ್ರೂ ಓದ್ತೀಯೋ?’ ಎಂದು ಕೇಳಿದರು. ಆ ಪ್ರಶ್ನೆಯಿಂದ ಶುರುವಾದದ್ದು ಮುಂದೆ ಒಂಬತ್ತು ವರ್ಷ ನಡೆಯಿತು. ನಡುವೆ ಅವರಿಗೆ ಎರಡು ಬಾರಿ ವರ್ಗವಾಯಿತು. ಆದರೆ ಅಂಚೆಯವರಲ್ಲವೇ, ಪೋಸ್ಟ್‌ಕಾರ್ಡಿಗೆ ಬರವಿರಲಿಲ್ಲ.

ಅವರು ನನಗೆ ಕಲಿಸಿದ್ದು ಬಹಳವೇನೂ ಅಲ್ಲ. ಅವರೇ ಹಳೆಯ ಕಾಲದ ಎಸ್ಸೆಸ್ಸೆಲ್ಸಿ. ಅರ್ಥಶಾಸ್ತ್ರವೆಂದರೆ ಜಮಾ ಖರ್ಚು ಎಂದು ತಿಳಿದಿದ್ದರು. ನಾನು ಬರೆದ ಇಂಗ್ಲಿಷ್ ಅರ್ಜಿಗಳನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು. ವಿದ್ಯಾರ್ಥಿವೇತನದ ಅರ್ಜಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲೇ ಕಳಿಸಬೇಕು, ರಸೀದಿಯನ್ನು ಪುಸ್ತಕದೊಳಗೆ ಅಂಟಿಸಿಡಬೇಕು ಎಂದು ಕಲಿಸಿದರು. ಉಳಿದಂತೆ ಅವರು ಮಾಡಿದ್ದೆಲ್ಲ, ಸಿಕ್ಕಾಗಲೆಲ್ಲ ‘ಅದು ಏನಾಯ್ತು?’ ಎಂದು ಕೇಳಿದ್ದು. ಆ ಅರ್ಜಿ ಏನಾಯ್ತು? ಆ ಗಣಿತದ ಟೆಸ್ಟು ಏನಾಯ್ತು? ಅಪ್ಪನ ಹತ್ತಿರ ಮಾತಾಡ್ತೀನಿ ಅಂದಿದ್ದೆ, ಏನಾಯ್ತು? ಶನಿವಾರ ಆ ಪ್ರಶ್ನೆ ಬರುತ್ತದೆಂದು ಗೊತ್ತಿದ್ದುದರಿಂದಲೇ ಶುಕ್ರವಾರ ನಾನು ಎಷ್ಟೋ ಕೆಲಸಗಳನ್ನು ಮಾಡಿ ಮುಗಿಸಿದ್ದೇನೆ.

ಅವರ ಸಲಹೆ ತಪ್ಪಿದ್ದೂ ಉಂಟು. ತಿಪಟೂರಿನಲ್ಲಿ ಬಿ.ಎ. ಮುಗಿದಾಗ, ‘ಸಾಕು, ಬ್ಯಾಂಕಿನ ಕ್ಲರ್ಕ್ ಪರೀಕ್ಷೆ ಕಟ್ಟು’ ಎಂದರು. ನಾನು ಮಾನಸಗಂಗೋತ್ರಿಗೆ ಹೋಗಿ ಎಂ.ಎ. ಮಾಡುತ್ತೇನೆಂದು ಹಟ ಹಿಡಿದೆ. ಅವರಿಗೆ ಸಿಟ್ಟು ಬಂತು. ಎರಡು ತಿಂಗಳು ಕಾರ್ಡು ಬರಲಿಲ್ಲ. ಮೂರನೆಯ ತಿಂಗಳು ಬಂದ ಕಾರ್ಡಿನಲ್ಲಿ ಬೈಗುಳವೇನೂ ಇರಲಿಲ್ಲ. ಹಾಸ್ಟೆಲ್ ಸಿಕ್ಕಿತೇ, ಊಟ ಹೇಗಿದೆ ಎಂದು ಕೇಳಿದ್ದರು. ಮೈಸೂರಿನ ಅಂಚೆ ವಿಭಾಗದ ಗೆಳೆಯರೊಬ್ಬರ ವಿಳಾಸವನ್ನೂ ಕೊಟ್ಟಿದ್ದರು. ಹುಡುಗ ತಮ್ಮ ಮಾತು ಕೇಳಲಿಲ್ಲವೆಂದು ಅವನನ್ನು ಕೇಳುವುದನ್ನು ಅವರು ನಿಲ್ಲಿಸಲಿಲ್ಲ. ಅದರ ಮಹತ್ವ ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಕನ್ನಡ ನಾಡಿನ ದೊಡ್ಡವರ ಬದುಕನ್ನು ತೆರೆದು ನೋಡಿದರೂ ಇಂಥ ಒಬ್ಬಿಬ್ಬರು ಕಾಣಸಿಗುತ್ತಾರೆ. 1924ರಲ್ಲಿ ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಅವರು ಹೇಳಿದ ಕಥೆ ನಮಗೆಲ್ಲ ಗೊತ್ತು. ಅದು ಒಂದು ದಿನದ ಮಾತು. ಅದಕ್ಕಿಂತ ಕಡಿಮೆ ನೆನೆಯುವುದು ಟಿ.ಎಸ್. ವೆಂಕಣ್ಣಯ್ಯನವರನ್ನು. ಕಸಿನ್ಸರು ಹೇಳಿ ಹೋದರು. ವೆಂಕಣ್ಣಯ್ಯನವರು ಗುರುವಾಗಿ ಜೊತೆಗೆ ಉಳಿದರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಅವರಿಗೆ. ಡಾ. ಎಚ್. ನರಸಿಂಹಯ್ಯನವರದು ಇನ್ನೊಂದು ಉದಾಹರಣೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಬಲ್ಲ ಮೇಷ್ಟರೊಬ್ಬರ ಭರವಸೆಯ ಮೇಲೆ 1935ರಲ್ಲಿ ನಡೆದೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. ಮುಂದೆ ಅವರು ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ವಾಸಿಸಿದ್ದು ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ, ಹುಡುಗರ ನಡುವೆ. ಬದುಕಿನುದ್ದಕ್ಕೂ ಹುಡುಗರ ಕೈಗೆ ಸಿಗುವಂತೆ ಇದ್ದರು.

ಇಲ್ಲಿ ಒಂದು ಅಹಿತಕರ ಸಂಗತಿಯನ್ನೂ ಹೇಳಬೇಕು. ನಮ್ಮಲ್ಲಿ ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ‘ನಮ್ಮವರು’ ಸಿಗುವಂತೆ ಮಾಡಿದ್ದು ಬಹುಮಟ್ಟಿಗೆ ಜಾತಿ. ವಾರಾನ್ನದ ಮನೆಗಳಾಗಲಿ, ಇಪ್ಪತ್ತನೆಯ ಶತಮಾನದ ಆರಂಭದಿಂದ ತಲೆಯೆತ್ತಿದ ಸಮುದಾಯಗಳ ವಿದ್ಯಾರ್ಥಿನಿಲಯಗಳಾಗಲಿ, ಮಾಡಿದ ಉಪಕಾರ ದೊಡ್ಡದು. ಅವುಗಳ ಬಾಗಿಲು ಮಾತ್ರ ಎಲ್ಲರಿಗೂ ಒಂದೇ ಅಳತೆಯಲ್ಲಿ ತೆರೆದಿರಲಿಲ್ಲ. ಜಾತಿಯ ಗಡಿ ದಾಟಿ 1897ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಸಂಸ್ಥೆ ಕಟ್ಟಿ ನಿಂತ ಕುದ್ಮುಲ್ ರಂಗರಾಯರಂಥವರು ಬಂಧುಬಳಗದಿಂದಲೇ ಬಹಿಷ್ಕಾರ ಅನುಭವಿಸಬೇಕಾಯಿತು. ನನ್ನ ಪೋಸ್ಟ್ ಮಾಸ್ಟರ್ ನನ್ನ ಜಾತಿಯವರಲ್ಲ. ಆದರೆ ನಮ್ಮ ಊರಿನ ಕೇರಿಯ ಹುಡುಗರು ಯಾರೂ ಆ ಜಗಲಿಗೆ ಬಂದು ಕುಳಿತದ್ದು ನನಗೆ ನೆನಪಿಲ್ಲ. ಅವರು ಬಂದಿದ್ದರೆ ಆತ ಕೇಳುತ್ತಿದ್ದರೇನೋ. ಜಗಲಿ ಹತ್ತುವ ಧೈರ್ಯ ನನಗೆ ಹುಟ್ಟಿನಿಂದ ಬಂದಿತ್ತು, ಅವರಿಗೆ ಬಂದಿರಲಿಲ್ಲ.

ಅರ್ಥಶಾಸ್ತ್ರ ಈ ವಿಷಯಕ್ಕೆ ತಡವಾಗಿ ಬಂದಿತು. ಅದಕ್ಕೂ ಮೊದಲು, 1973ರಲ್ಲಿ, ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಒಂದು ವಿಚಿತ್ರವನ್ನು ಗಮನಕ್ಕೆ ತಂದಿದ್ದರು. ಹೊಸ ಕೆಲಸದ ಸುದ್ದಿ ಜನರಿಗೆ ಸಿಗುವುದು ಹೆಚ್ಚಾಗಿ ಆಪ್ತರಿಂದಲ್ಲ, ಅಷ್ಟಿಷ್ಟು ಪರಿಚಯದವರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊರಗಿನ ಸುದ್ದಿ ಹೊರಗಿನವರಿಂದಲೇ ಬರಬೇಕು. 2022ರಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ ಏಳು ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ಸ್ನೇಹಸಂಬಂಧಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನ ಅದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸಿತು. ಬಡವರಿಗೂ ಅನುಕೂಲಸ್ಥರಿಗೂ ನಡುವೆ ಗೆಳೆತನ ಹೆಚ್ಚಿರುವ ಊರುಗಳಲ್ಲಿ ಬೆಳೆದ ಬಡ ಮಕ್ಕಳು ಮುಂದೆ ಹೆಚ್ಚು ಗಳಿಸುತ್ತಾರೆ. ನಮ್ಮ ಅಪಾರ್ಟ್‌ಮೆಂಟುಗಳ ಗೇಟಿನ ಒಳಗಿನವರಿಗೂ ಹೊರಗೆ ಕುಳಿತವರಿಗೂ ನಡುವೆ ಇಪ್ಪತ್ತು ಅಡಿಗಳ ದೂರವೂ ಇರುವುದಿಲ್ಲ. ಗೆಳೆತನದ ಲೆಕ್ಕ ಹಾಕಹೊರಟರೆ ಮಾತ್ರ ಸೊನ್ನೆ ಸಿಗುತ್ತದೆ.

ಇಂಥ ಪರಿಚಯವನ್ನು ಬೇಕೆಂದೇ ಏರ್ಪಡಿಸಿದರೆ ಫಲ ಸಿಗುತ್ತದೆಯೇ? ಅದಕ್ಕೂ ಪುರಾವೆ ಇದೆ. ಜರ್ಮನಿಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸ್ವಯಂಸೇವೆಯಿಂದ ಹಿಂದುಳಿದ ಬಡಾವಣೆಗಳ ಶಾಲೆಗಳ ಹದಿಹರೆಯದವರ ಜೊತೆಗಾರರಾಗುವ ಕಾರ್ಯಕ್ರಮವೊಂದಿದೆ. ಅಲ್ಲಿನ ಅರ್ಥಶಾಸ್ತ್ರಜ್ಞರು ಅರ್ಜಿ ಹಾಕಿದ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಜೊತೆಗಾರರನ್ನು ಕೊಟ್ಟು ಹೋಲಿಸಿದರು. ತೀರಾ ದುರ್ಬಲ ಹಿನ್ನೆಲೆಯ ಮಕ್ಕಳ ಗಣಿತದ ಅಂಕಗಳು ಸುಧಾರಿಸಿದವು. ತಾಳ್ಮೆ, ಇತರರೊಡನೆ ಬೆರೆಯುವ ಗುಣ ಹೆಚ್ಚಿದವು. ಮುಂದೆ ಯಾವ ವೃತ್ತಿ ಎಂಬ ಬಗ್ಗೆ ಸ್ಪಷ್ಟತೆ ಬಂತು. ಮನೆಯಲ್ಲೇ ಅನುಕೂಲವಿದ್ದ ಮಕ್ಕಳಿಗೆ ಮಾತ್ರ ಅದರಿಂದ ಲಾಭವೇನೂ ಆಗಲಿಲ್ಲ. 2024ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದುವಾಗ ನನಗೆ ನಗು ಬಂತು. ನಮ್ಮ ನಗರಗಳಲ್ಲಿ ವೃತ್ತಿ ಸಲಹೆಗಾರರು, ವ್ಯಕ್ತಿತ್ವ ವಿಕಸನದ ಶಿಬಿರಗಳು, ವಾರಾಂತ್ಯದ ತರಬೇತಿಗಳು ಯಾರಿಗಾಗಿ ನಡೆಯುತ್ತವೆ? ಅದರಿಂದ ಹೆಚ್ಚೇನೂ ಪ್ರಯೋಜನವಾಗದ ಮಕ್ಕಳಿಗಾಗಿ. ಹಣ ಕೊಡುವವರು ಅವರ ತಂದೆತಾಯಿ.

ನನ್ನ ಕಣ್ಣು ತೆರೆಸಿದ್ದು ಇನ್ನೊಂದು ಅಧ್ಯಯನ. ಅದನ್ನು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕಾಗುತ್ತದೆ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಉತ್ತರ ಕರ್ನಾಟಕದ ಒಂದು ಉಪವಿಭಾಗದಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ಸರ್ಕಾರಿ ವಿದ್ಯಾರ್ಥಿನಿಲಯವೊಂದರ ತಪಾಸಣೆಗೆ ಹೋದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ದಾಸ್ತಾನು ವಹಿಯಲ್ಲಿದ್ದ ಅಕ್ಕಿಯ ಲೆಕ್ಕದ ತಪ್ಪನ್ನು ನನ್ನ ಮುಂದೆಯೇ ಬಾಯಿಲೆಕ್ಕದಲ್ಲಿ ಹಿಡಿದುಬಿಟ್ಟ. ವಾರ್ಡನ್ನರ ಮುಖ ಕೆಂಪಾಯಿತು. ನನಗೆ ಹುಡುಗ ಹಿಡಿಸಿದ. ಭಾನುವಾರ ಮನೆಗೆ ಬಾ ಎಂದೆ. ಬಂದ. ಎಂಟು ತಿಂಗಳು, ಬಹುತೇಕ ಪ್ರತಿ ಭಾನುವಾರ, ನಾಲ್ಕು ಮೈಲಿ ನಡೆದು ಬರುತ್ತಿದ್ದ. ನನ್ನ ಹೆಂಡತಿ ಉಪ್ಪಿಟ್ಟು ಕೊಡುತ್ತಿದ್ದಳು, ನಾನು ಬೀಜಗಣಿತ ಹೇಳಿಕೊಡುತ್ತಿದ್ದೆ. ಎಂಜಿನಿಯರ್ ಆಗುತ್ತೀಯ ಎಂದು ನಾನೇ ಅವನ ತಲೆಯಲ್ಲಿ ತುಂಬಿದೆ. ಅವನ ಅಪ್ಪ ಒಮ್ಮೆ ಬಂದು, ಕೈಮುಗಿದು ನಿಂತು ಹೋದರು.

ಆಮೇಲೆ ನನಗೆ ವರ್ಗವಾಯಿತು. ನಮ್ಮ ಇಲಾಖೆಯಲ್ಲಿ ವರ್ಗವೆಂದರೆ ನಲವತ್ತೆಂಟು ಗಂಟೆಗಳ ವ್ಯವಹಾರ. ಕಾಗದ ಬರೆ, ನಾನೂ ಬರೆಯುತ್ತೇನೆ ಎಂದು ಹೇಳಿ ಹೊರಟೆ. ಅವನ ಮೊದಲ ಪತ್ರಕ್ಕೆ ಉತ್ತರಿಸಿದೆ. ಎರಡನೆಯದು ವಿಳಾಸ ಬದಲಾಗಿ ತಡವಾಗಿ ಬಂತು. ಆಗ ಬರಗಾಲ, ಚುನಾವಣೆ, ನೆಪಗಳಿಗೇನು ಕಡಿಮೆ. ಉತ್ತರಿಸಲಿಲ್ಲ. ಮೂರನೆಯ ಪತ್ರ ಬರಲಿಲ್ಲ.

ಹದಿನೈದು ವರ್ಷಗಳ ನಂತರ ಅದೇ ಜಿಲ್ಲೆಗೆ ಮತ್ತೆ ಹೋಗಬೇಕಾಗಿ ಬಂದಾಗ ವಿಚಾರಿಸಿದೆ. ಹುಡುಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದ. ಪಿಯುಸಿ ಮೊದಲ ವರ್ಷದಲ್ಲೇ ಬಿಟ್ಟಿದ್ದ. ಗೋವಾಕ್ಕೆ ಹೋಗಿ, ಅಲ್ಲಿಂದ ಬಂದು, ಆಗ ಬಾಡಿಗೆ ಜೀಪು ಓಡಿಸುತ್ತಿದ್ದ. ಪ್ರವಾಸಿ ಮಂದಿರಕ್ಕೆ ನೋಡಲು ಬಂದ. ಒಂದಿಷ್ಟೂ ಕಹಿಯಿಲ್ಲದೆ ಮಾತಾಡಿದ. ಹೊರಡುವ ಮೊದಲು, ‘ಎರಡು ಪತ್ರ ಬರದಿದ್ದೆ ಸಾಹೇಬ್ರ. ಆಮ್ಯಾಲ ನಾನು ಏನರ ತಪ್ಪು ಬರದೀನೇನೋ ಅಂತ ಬರೀಲಿಲ್ಲ’ ಎಂದ.

ಅವನ ಓದು ನಿಂತದ್ದಕ್ಕೆ ನಾನೊಬ್ಬನೇ ಕಾರಣನೆಂದು ಹೇಳಿಕೊಳ್ಳುವುದೂ ಒಂದು ಬಗೆಯ ಅಹಂಕಾರವಾದೀತು. ಮನೆಯಲ್ಲಿ ಸಾಲವಿತ್ತು, ಅಪ್ಪನಿಗೆ ಕಾಯಿಲೆಯಿತ್ತು. ಆದರೆ ಹದಿನೈದು ವರ್ಷದ ಹುಡುಗನೊಬ್ಬ ನನ್ನ ಸೋಮಾರಿತನವನ್ನು ತನ್ನ ತಪ್ಪೆಂದು ಓದಿಕೊಂಡ. ಅದಕ್ಕೆ ನಾನಲ್ಲದೆ ಬೇರೆ ಯಾರು ಹೊಣೆ?

ನಿವೃತ್ತಿಯ ನಂತರ ಓದಿದ ಆ ಅಧ್ಯಯನ ಇದನ್ನೇ ಅಂಕಿಗಳಲ್ಲಿ ಹೇಳಿತ್ತು. ಅಮೆರಿಕದಲ್ಲಿ 1904ರಿಂದ ಬೆಳೆದುಬಂದ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ಚಳವಳಿಯಿದೆ. ಒಬ್ಬ ವಯಸ್ಕರು ಒಂದು ಮಗುವಿಗೆ ಅಣ್ಣ ಅಥವಾ ಅಕ್ಕನಂತೆ ನಿಯಮಿತವಾಗಿ ಸಮಯ ಕೊಡುವುದು ಅದರ ಪದ್ಧತಿ. 10ರಿಂದ 16 ವರ್ಷದ 959 ಮಕ್ಕಳನ್ನು ಒಂದೂವರೆ ವರ್ಷ ಗಮನಿಸಿ 1995ರಲ್ಲಿ ಪ್ರಕಟವಾದ ವರದಿಯಂತೆ, ಜೊತೆಗಾರರು ಸಿಕ್ಕ ಮಕ್ಕಳು ಮಾದಕ ವಸ್ತುಗಳ ಚಟಕ್ಕೆ ಕೈಹಾಕುವ ಸಾಧ್ಯತೆ ಶೇ 46ರಷ್ಟು ಕಡಿಮೆಯಿತ್ತು. ಅವರು ಶಾಲೆ ತಪ್ಪಿಸಿದ ದಿನಗಳು ಉಳಿದವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟೇ. ಜೊತೆಗಾರರು ಅವರಿಗೆ ಪಾಠ ಹೇಳಿರಲಿಲ್ಲ, ಚಟದ ಬಗ್ಗೆ ಉಪನ್ಯಾಸವನ್ನೂ ಕೊಟ್ಟಿರಲಿಲ್ಲ. ಸುಮ್ಮನೆ ಜೊತೆಗಿದ್ದರು. ಅದೇ ಅಂಕಿಅಂಶಗಳನ್ನು 2002ರಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಇಬ್ಬರು ಸಂಶೋಧಕಿಯರು ಮತ್ತೆ ಜಾಲಾಡಿದರು. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿದ ಸಂಬಂಧಗಳಲ್ಲಿ ಲಾಭ ಅತಿ ಹೆಚ್ಚು. ಮೂರು ತಿಂಗಳೊಳಗೆ ಮುರಿದ ಸಂಬಂಧಗಳಲ್ಲಿ ಮಕ್ಕಳ ಆತ್ಮಗೌರವ, ಓದಿನಲ್ಲಿ ತಮ್ಮ ಮೇಲಿನ ವಿಶ್ವಾಸ ಮೊದಲಿಗಿಂತ ಕುಸಿದಿತ್ತು. ಅರ್ಧಕ್ಕೆ ಬಿಡುವುದು ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು ಎಂದಾಯಿತು.

ನಮ್ಮಲ್ಲಿ ಈಗ ನಡೆಯುತ್ತಿರುವುದನ್ನು ಈ ಬೆಳಕಿನಲ್ಲಿ ನೋಡಬೇಕು. ಕಾಲೇಜುಗಳಿಗೆ ಶ್ರೇಣಿ ನೀಡುವ ನ್ಯಾಕ್ ಸಂಸ್ಥೆ, ಒಬ್ಬ ಮೆಂಟರಿಗೆ ಎಷ್ಟು ವಿದ್ಯಾರ್ಥಿಗಳು ಎಂಬ ಅನುಪಾತವನ್ನು ಕೇಳತೊಡಗಿದ ಮೇಲೆ ಕಾಲೇಜುಗಳಲ್ಲಿ ಮೆಂಟರುಗಳಿಗೆ ಬರವಿಲ್ಲ. ವಿದ್ಯಾರ್ಥಿಗಳ ಸಂಖ್ಯೆಯನ್ನು ಅಧ್ಯಾಪಕರ ಸಂಖ್ಯೆಯಿಂದ ಭಾಗಿಸಿದರೆ ಅನುಪಾತ ಸಿದ್ಧ. ಡಿಗ್ರಿ ಕಾಲೇಜಿನ ಅಧ್ಯಾಪಕ ಮಿತ್ರರೊಬ್ಬರು, ಪರಿಶೀಲನಾ ತಂಡ ಬರುವ ಹಿಂದಿನ ವಾರ ಮೂರು ವರ್ಷಗಳ ಮೆಂಟರ್ ಡೈರಿಗಳನ್ನು ನಾಲ್ಕು ಬಣ್ಣದ ಪೆನ್ನುಗಳಲ್ಲಿ ಬರೆದು ಮುಗಿಸಿದ ಸಾಹಸವನ್ನು ನನಗೆ ವಿವರಿಸಿದ್ದಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ಅತಿಥಿ ಉಪನ್ಯಾಸಕರೇ ತುಂಬಿರುವ, ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ತಿಳಿಯದವರು ಪಾಠ ಮಾಡುತ್ತಿರುವ ಕಾಲೇಜಿನಲ್ಲಿ ವರ್ಷಗಟ್ಟಲೆ ಬಾಳುವ ಸಂಬಂಧವನ್ನು ಯಾರಿಂದ ನಿರೀಕ್ಷಿಸುವುದು? ಇತ್ತ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ ಒಂದು ಶನಿವಾರ ನೌಕರರನ್ನು ಬಸ್ಸಿನಲ್ಲಿ ಸರ್ಕಾರಿ ಶಾಲೆಗೆ ಕರೆದೊಯ್ಯುತ್ತವೆ. ಟೀ ಶರ್ಟ್, ಫೋಟೊ, ಸ್ಫೂರ್ತಿಯ ಭಾಷಣ. ಮುಂದಿನ ಶನಿವಾರ ಅವರು ಗಿಡ ನೆಡುತ್ತಿರುತ್ತಾರೆ.

ಸರ್ಕಾರ ಇದಕ್ಕೊಂದು ಯೋಜನೆ ಮಾಡಬೇಕೆಂದು ನಾನು ಹೇಳುವುದಿಲ್ಲ. ಯೋಜನೆಗಳು ಹೇಗೆ ಹುಟ್ಟುತ್ತವೆ, ಮಾರ್ಚ್ ತಿಂಗಳಲ್ಲಿ ಹೇಗೆ ಪ್ರಗತಿ ಸಾಧಿಸುತ್ತವೆ ಎಂಬುದನ್ನು ಒಳಗಿನಿಂದ ಕಂಡವನು ನಾನು. ಸರ್ಕಾರ ಜಾಗ ಕೊಡಬಹುದು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡು ಈಗ ‘ಅರಿವು ಕೇಂದ್ರ’ಗಳಾಗಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಐದು ಸಾವಿರಕ್ಕೂ ಮಿಕ್ಕಿವೆ. ಅಲ್ಲಿ ಬೆಂಚಿದೆ, ದೀಪವಿದೆ, ಕೆಲವೆಡೆ ಕಂಪ್ಯೂಟರ್ ಕೂಡ ಇದೆ. ನಾಲ್ಕು ಜನ ನೋಡುವಂಥ ತೆರೆದ ಜಾಗ ಎಂಬುದೂ ಮುಖ್ಯ. ಮಕ್ಕಳೊಂದಿಗೆ ವ್ಯವಹರಿಸುವ ಯಾವುದೇ ಕೆಲಸ ಮುಚ್ಚಿದ ಬಾಗಿಲಿನ ಹಿಂದೆ, ತಂದೆತಾಯಿಗೆ ತಿಳಿಯದಂತೆ ನಡೆಯಬಾರದು. ಇನ್ನು ಜನ. ಪ್ರತಿ ಹೋಬಳಿಯಲ್ಲೂ ನಿವೃತ್ತ ಶಿಕ್ಷಕರು, ಬ್ಯಾಂಕಿನವರು, ದಾದಿಯರು, ಲೈನ್‌ಮನ್‌ಗಳು, ಸೈನಿಕರು ಇದ್ದಾರೆ. ಪಿಂಚಣಿ ಬರುತ್ತದೆ, ಬೆಳಗಿನ ವಾಕಿಂಗ್ ಆದ ಮೇಲೆ ಹಗಲು ದೊಡ್ಡದಾಗಿರುತ್ತದೆ. ನಮಗೆ ವರ್ಗವಾಗುವ ಭಯವೂ ಇಲ್ಲ; ಇರುವುದು ಒಂದೇ ವರ್ಗ, ಅದರ ಆದೇಶ ಬರುವವರೆಗೆ ಸಮಯವಿದೆ.

ಯಾದಗಿರಿಯ ಹುಡುಗಿಯ ಪ್ರಸಂಗವಾದ ಮೇಲೆ ನಾವು ಐದು ಮಂದಿ ಗೆಳೆಯರು ಸೇರಿ ಹೀಗೆ ಶುರು ಮಾಡಿದೆವು. ಹೆಸರಿಲ್ಲ, ನೋಂದಣಿಯಿಲ್ಲ, ಲೆಟರ್‌ಹೆಡ್ ಇಲ್ಲ. ಒಬ್ಬರಿಗೆ ಇಬ್ಬರಿಗಿಂತ ಹೆಚ್ಚು ಮಕ್ಕಳು ಬೇಡ, ಎರಡು ವರ್ಷಕ್ಕೆ ಮುಂಚೆ ಬಿಡುವಂತಿಲ್ಲ, ದುಡ್ಡು ಕೊಡುವಂತಿಲ್ಲ ಎಂದು ಮಾತಾಡಿಕೊಂಡೆವು. ಕೊನೆಯದನ್ನು ನಮ್ಮಲ್ಲೊಬ್ಬರು ಗುಟ್ಟಾಗಿ ಮೂರು ಬಾರಿ ಮುರಿದಿದ್ದಾರೆ. ಭಾನುವಾರ ಹತ್ತು ಗಂಟೆಗೆ ಬಡಾವಣೆಯ ಉದ್ಯಾನದ ಮಂಟಪದಲ್ಲಿ ಸೇರುತ್ತೇವೆ.

ಫಲಿತಾಂಶ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಒಂಬತ್ತು ಮಕ್ಕಳಲ್ಲಿ ಇಬ್ಬರು ಬರುವುದನ್ನು ಬಿಟ್ಟರು. ಒಬ್ಬನ ಮನೆಗೆ ನಾನೇ ಎರಡು ಬಾರಿ ಹೋಗಿ ಬಂದೆ. ನನ್ನನ್ನು ಕಂಡು ಹಿತ್ತಲಿನಿಂದ ಓಡಿಹೋದ. ನಮ್ಮ ನಿವೃತ್ತ ನರ್ಸಿಂಗ್ ಅಧೀಕ್ಷಕಿಯವರಿಗೆ ಇದೆಲ್ಲ ಸಹಜವಾಗಿ ಬರುತ್ತದೆ. ನನಗೆ ಬರುವುದಿಲ್ಲ. ಅಧಿಕಾರದಲ್ಲಿದ್ದವರಿಗೆ ಎದುರಿಗಿರುವವರ ಮೌನ ಒಪ್ಪಿಗೆಯಂತೆ ಕಾಣುತ್ತದೆ. ಮೊದಲ ಮೂರು ತಿಂಗಳು ನಾನು ಒಂದೇ ಸಮನೆ ಮಾತಾಡಿದೆ. ಸಿವಿಲ್ ಸರ್ವಿಸ್ ಪರೀಕ್ಷೆ, ಸಂವಿಧಾನ, ಸಮಯಪಾಲನೆ. ಕಡೆಗೆ ಆ ಹುಡುಗಿಯೇ ಒಂದು ದಿನ, ‘ಸರ್, ನೀವು ಭಾಳ ಚಲೋ ಹೇಳ್ತೀರಿ. ಆದ್ರ ನಾ ಹೇಳ್ಬೇಕಂತ ಬಂದಿದ್ದು ಹಂಗ ಉಳೀತದ’ ಎಂದಳು. ಆಕೆ ಹೇಳಬೇಕೆಂದು ಬಂದಿದ್ದದ್ದು, ಮೊದಲ ಸೆಮಿಸ್ಟರಿನ ಗಣಿತದಲ್ಲಿ ನಪಾಸಾಗಿದ್ದೇನೆ, ಅಪ್ಪನಿಗೆ ಇನ್ನೂ ಹೇಳಿಲ್ಲ ಎಂಬುದನ್ನು. ಮೂರು ಭಾನುವಾರ ಅದನ್ನು ಬಾಯಲ್ಲಿಟ್ಟುಕೊಂಡು ನನ್ನ ಸಂವಿಧಾನವನ್ನು ಕೇಳಿಸಿಕೊಂಡಿದ್ದಳು.

ಆಕೆಗೆ ಬಯಸಿದ್ದ ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ, ಸಿವಿಲ್ ಸಿಕ್ಕಿತು. ಗಣಿತವನ್ನು ಎರಡನೆಯ ಯತ್ನದಲ್ಲಿ ಪಾಸು ಮಾಡಿದಳು. ಈಗ ಎರಡು ವರ್ಷ ಮುಗಿಸಿದ್ದಾಳೆ. ಈ ಬಾರಿ ತನ್ನೂರಿನ ಮೂವರು ಹುಡುಗಿಯರ ಸಿಇಟಿ ಅರ್ಜಿಗಳನ್ನು ಫೋನಿನಲ್ಲೇ ಒಂದೊಂದು ಅಂಕಣವನ್ನೂ ಓದಿಸಿಕೊಂಡು ತುಂಬಿಸಿದಳಂತೆ. ಕಟ್ಟಡ ಮುಗಿದು ಆಕೆಯ ತಂದೆಗೆ ಬೇರೆ ಕಡೆ ಕಾವಲಿನ ಕೆಲಸ ಸಿಕ್ಕಿದೆ. ಎರಡು ಬಸ್ಸು ಬದಲಿಸಿ ಬರಬೇಕು. ಆದರೂ ತಿಂಗಳಿಗೆ ಎರಡು ಭಾನುವಾರ ಬರುತ್ತಾಳೆ.

ಮುಂದಿನ ವಾರ ತಮ್ಮನನ್ನು ಕರೆತರುತ್ತೇನೆ ಎಂದಿದ್ದಾಳೆ. ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ಅಪ್ಪನಿಗೆ ಅವನು ಪಿಯುಸಿ ವಿಜ್ಞಾನ ಓದಬೇಕೆಂಬ ಆಸೆ, ಅವನಿಗೆ ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗಬೇಕೆಂಬ ಹಟ. ಇಬ್ಬರೂ ಮಾತು ಬಿಟ್ಟು ಹತ್ತು ದಿನವಾಗಿದೆಯಂತೆ. ನನಗೆ ಈ ವಿಷಯದಲ್ಲಿ ಖಚಿತವಾದ ಅಭಿಪ್ರಾಯವಿದೆ. ಹುಡುಗ ತಾನಾಗಿ ಬಾಯಿಬಿಡುವವರೆಗೆ ಅದನ್ನು ಹೇಳಬಾರದೆಂದು ನಮ್ಮ ನರ್ಸಿಂಗ್ ಅಧೀಕ್ಷಕಿಯವರು ಈಗಾಗಲೇ ನನಗೆ ತಾಕೀತು ಮಾಡಿದ್ದಾರೆ.